ವಿಜ್ಞಾನಿ ಓಟ್ಟೋ ವಾರ್ಬುರ್ಗ್

ಹಾಲು ಮೊಸರಾಗುವಾಗ ಹುಟ್ಟುವ ಹುಳಿಗೆ ಲ್ಯಾಕ್ಟಿಕ್ ಆಮ್ಲವೆಂದು ಹೆಸರು. ಓಟದ ಪಂದ್ಯದಲ್ಲಿ ಏದುಸಿರು ಬಿಡುವ ನಮ್ಮ ಮಕ್ಕಳ ಸ್ನಾಯುಗಳಲ್ಲಿಯೂ ಅದೇ ಆಮ್ಲ ಹುಟ್ಟುತ್ತದೆ. ಆದರೆ ಆಮ್ಲಜನಕ ಧಾರಾಳವಾಗಿದ್ದರೂ ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಈ ಹುಳಿಯಾಗಿ ಮಾರ್ಪಡಿಸುತ್ತವೆ. ಇದನ್ನು 1920ರ ದಶಕದಲ್ಲಿ ತೋರಿಸಿಕೊಟ್ಟವರು ಜರ್ಮನಿಯ ಓಟ್ಟೋ ವಾರ್ಬುರ್ಗ್.

ಇವರು 1883ರ ಅಕ್ಟೋಬರ್ 8ರಂದು ಫ್ರೈಬುರ್ಗ್ ನಗರದಲ್ಲಿ ಜನಿಸಿದರು. ತಂದೆ ಎಮಿಲ್ ವಾರ್ಬುರ್ಗ್ ಹೆಸರಾಂತ ಭೌತವಿಜ್ಞಾನಿ. ಮಗ 1906ರಲ್ಲಿ ರಸಾಯನಶಾಸ್ತ್ರದಲ್ಲಿಯೂ 1911ರಲ್ಲಿ ವೈದ್ಯಶಾಸ್ತ್ರದಲ್ಲಿಯೂ ಡಾಕ್ಟರೇಟ್ ಪಡೆದರು. ಮೊದಲನೆಯ ಮಹಾಯುದ್ಧದಲ್ಲಿ ಅಶ್ವದಳ ಸೇರಿ ಗಾಯಗೊಂಡರು. ಪ್ರಯೋಗಾಲಯಕ್ಕೆ ಮರಳಬೇಕೆಂದು 1918ರಲ್ಲಿ ಅವರಿಗೆ ಪತ್ರ ಬರೆದವರು ಸಾಕ್ಷಾತ್ ಐನ್‌ಸ್ಟೈನ್!

ಅವರ ವಿಧಾನ ಸರಳ. ಇಲಿಯ ಗಡ್ಡೆಯಿಂದ ತೀರ ತೆಳ್ಳಗಿನ ಹೋಳು ತೆಗೆದು, ಮುಚ್ಚಿದ ಗಾಜಿನ ಪಾತ್ರೆಯಲ್ಲಿಟ್ಟು, ಅನಿಲದ ಒತ್ತಡ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅಳೆಯುವುದು. ಜೀವಕೋಶದ ಕೆಲಸಗಳನ್ನು ನಡೆಸುವ ವಸ್ತುಗಳೇ ಕಿಣ್ವಗಳು. ಉಸಿರಾಟದ ಕಿಣ್ವವನ್ನು ಕುರಿತ ಸಂಶೋಧನೆಗಾಗಿ ವಾರ್ಬುರ್ಗರಿಗೆ 1931ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುವ ಕಿಣ್ವವನ್ನು ಗಡ್ಡೆಯಿಂದಲೇ ಬೇರ್ಪಡಿಸಿ ಸ್ಫಟಿಕವಾಗಿಸಿದ ವರದಿ 1943ರಲ್ಲಿ ಅವರ ಪ್ರಯೋಗಾಲಯದಿಂದಲೇ ಹೊರಬಂತು.

1943 ಎಂದರೆ ನಾಜಿಗಳ ಆಳ್ವಿಕೆಯ ಕಾಲ. ವಾರ್ಬುರ್ಗರ ತಂದೆಯ ಕಡೆಯವರು ಯೆಹೂದಿಗಳು. ಅವರಲ್ಲಿ ದುಡಿದಿದ್ದ ಹಾನ್ಸ್ ಕ್ರೆಬ್ಸ್ 1933ರಲ್ಲಿಯೇ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋದರು. ವಾರ್ಬುರ್ಗರು ಮಾತ್ರ ಜರ್ಮನಿ ಬಿಡಲಿಲ್ಲ. 1941ರಲ್ಲಿ ಅವರನ್ನೂ ಹೊರಹಾಕಿ, ಕ್ಯಾನ್ಸರ್ ಸಂಶೋಧನೆಗೆಂದು ಬೇಗನೆ ಮರಳಿ ಕರೆಸಿಕೊಂಡರು. ಅಂಥ ಪ್ರಭುತ್ವದ ನೆರಳಿನಲ್ಲಿ ಅಳತೆ ಮಾಡುತ್ತ ಕುಳಿತ ಆ ನಿಶ್ಚಿಂತೆ ನಮಗೆ ಇಂದಿಗೂ ಒಗಟಾಗಿಯೇ ಉಳಿದಿದೆ. ಮೆಚ್ಚಲು ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಮಾತನ್ನೂ ಮರೆಮಾಚಬಾರದು. ಕೋಶದ ಉಸಿರಾಟ ಕೆಡುವುದೇ ಕ್ಯಾನ್ಸರಿನ ಮೂಲ ಕಾರಣವೆಂದು ಅವರು ಕೊನೆಯವರೆಗೂ ಹಟ ಹಿಡಿದರು. ಹೆಚ್ಚಿನ ಕ್ಯಾನ್ಸರ್ ಕೋಶಗಳಲ್ಲಿ ಉಸಿರಾಟ ಕೆಟ್ಟಿರುವುದಿಲ್ಲವೆಂದು ಮುಂದೆ ತಿಳಿಯಿತು. ಕಂಡದ್ದು ಸರಿ, ಹೇಳಿದ ಕಾರಣ ತಪ್ಪು.

ಆದರೂ ಆ ಕಂಡದ್ದೇ ಇಂದು ಆಸ್ಪತ್ರೆಗಳಲ್ಲಿ ಉಪಯೋಗಕ್ಕೆ ಬಂದಿದೆ. ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆಯನ್ನು ರೋಗಿಗೆ ಚುಚ್ಚಿದರೆ, ಸಕ್ಕರೆಗಾಗಿ ಹಸಿದ ಗಡ್ಡೆ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಹೆಕ್ಸೋಕೈನೇಸ್ ಎಂಬ ಕಿಣ್ವ ಅದನ್ನು ಬದಲಿಸಿ ಒಳಗೇ ಸಿಕ್ಕಿಸಿಬಿಡುತ್ತದೆ. ಪೆಟ್ ಸ್ಕ್ಯಾನಿನ ಚಿತ್ರದಲ್ಲಿ ಗಡ್ಡೆಯ ಜಾಗ ಹೊಳೆಯುತ್ತದೆ. ಈ ಸಕ್ಕರೆಯನ್ನು ಮನುಷ್ಯರಿಗೆ ಮೊದಲ ಬಾರಿ ಕೊಟ್ಟದ್ದು 1976ರಲ್ಲಿ. ವಾರ್ಬುರ್ಗರು 1970ರ ಆಗಸ್ಟ್ 1ರಂದೇ ಬರ್ಲಿನ್ನಿನಲ್ಲಿ ತೀರಿಕೊಂಡಿದ್ದರು.