ಅಂಧರಿಗೆ ಅಕ್ಷರವಿತ್ತ ಪಂಡಿತಾ ರಮಾಬಾಯಿ

ಸಹ್ಯಾದ್ರಿಯ ಗಂಗಾಮೂಲದಲ್ಲಿ 1858ರ ಏಪ್ರಿಲ್ 23ರಂದು ಜನಿಸಿದ ರಮಾಬಾಯಿಯವರು ತಾಯಿ ಲಕ್ಷ್ಮೀಬಾಯಿಯವರಿಂದಲೇ ಸಂಸ್ಕೃತ ಕಲಿತರು. ಕ್ಷಾಮಕಾಲದಲ್ಲಿ ಹೆತ್ತವರನ್ನು ಕಳೆದುಕೊಂಡು, ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರಿಗೆ ‘ಪಂಡಿತಾ’ ಬಿರುದನ್ನಿತ್ತರು.

1882ರಲ್ಲಿ ವಿಧವೆಯಾದ ಅವರು ವೈದ್ಯವಿದ್ಯೆಯ ಹಂಬಲದಿಂದ ಮರುವರ್ಷ ಎಳೆಯ ಮಗಳು ಮನೋರಮೆಯೊಂದಿಗೆ ಇಂಗ್ಲೆಂಡಿಗೆ ತೆರಳಿ, ಅಲ್ಲಿಯೇ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. ಮಂದವಾಗುತ್ತಿದ್ದ ಶ್ರವಣಶಕ್ತಿ ಆ ಹಂಬಲಕ್ಕೆ ಅಡ್ಡಿಯಾಯಿತು. ವೈದ್ಯೆಯಾಗಲಾರದವರು ಶಿಕ್ಷಕಿಯಾಗಲು ನಿಶ್ಚಯಿಸಿದರು. ಅಮೆರಿಕದಲ್ಲಿ ಫ್ರೋಬೆಲನ ಶಿಶುಶಿಕ್ಷಣ ಪದ್ಧತಿಯನ್ನು ಅಭ್ಯಸಿಸಿ, 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು.

ಮುಂದೆ ಪುಣೆ–ಸೊಲ್ಲಾಪುರ ರೈಲುಮಾರ್ಗದ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿಸದನಕ್ಕೆ ಕ್ಷಾಮಪೀಡಿತ ಬಾಲಕಿಯರು ನೂರಾರು ಸಂಖ್ಯೆಯಲ್ಲಿ ಬಂದರು. ಅವರಲ್ಲಿ ಅಂಧರೂ ಇದ್ದರು. ಅಂಥವರನ್ನು ಅನ್ನವಿತ್ತು ಕೂಡಿಸುವುದಷ್ಟೇ ಸಾಲದೆಂಬುದು ರಮಾಬಾಯಿಯವರ ನಿಲುವಾಗಿತ್ತು. ಮನೋರಮಾಬಾಯಿಯವರು ವಿದೇಶದಲ್ಲಿ ಬ್ರೈಲ್ ಲಿಪಿಯನ್ನು ಕಲಿತು ಬಂದು ಅವರಿಗೆ ಓದು ಕಲಿಸಿದರು. ಓದಿನೊಡನೆ ಕೈಕಸುಬೂ ದೊರೆಯಿತು. ಅದೇ ರೈಲುಮಾರ್ಗವು ಸೊಲ್ಲಾಪುರ, ಅಕ್ಕಲಕೋಟ ರೋಡ್ ದಾಟಿ ಸೇರುವ ಕಲಬುರಗಿಯಲ್ಲಿಯೂ ತಾಯಿಮಗಳು ಹೆಣ್ಣುಮಕ್ಕಳ ಶಾಲೆಯೊಂದನ್ನು ಸ್ಥಾಪಿಸಿದರು.

1921ರಲ್ಲಿ ಮಗಳು ತೀರಿಕೊಂಡರು. ಆ ದುಃಖದ ನಡುವೆಯೂ ರಮಾಬಾಯಿಯವರು ಬೈಬಲ್ಲಿನ ಸರಳ ಮರಾಠಿ ಅನುವಾದವನ್ನು ಕೈಬಿಡಲಿಲ್ಲ. 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ನಿಧನರಾದರು. ಕಿವಿ ಮಂದವಾದ ಆ ವಿದುಷಿ ನೆಟ್ಟ ಸಂಸ್ಥೆ ಇಂದಿಗೂ ಅಲ್ಲಿ ನಡೆಯುತ್ತಿದೆ.