ನಾಟ್ಯಸಂಗೀತದ ಜನಕ ಅಣ್ಣಾಸಾಹೇಬ ಕಿರ್ಲೋಸ್ಕರರು

ಪುಣೆ ನಗರದಲ್ಲಿ ಬೆಳೆಯುತ್ತಿರುವ ನಮಗೆ ಮರಾಠಿ ನಾಟ್ಯಗೀತೆಗಳು ಅಪರಿಚಿತವಲ್ಲ. ಗಣೇಶೋತ್ಸವದ ಮಂಟಪಗಳಲ್ಲಿಯೂ ನೆರೆಮನೆಯ ಆಕಾಶವಾಣಿಯಲ್ಲಿಯೂ ನಾವು ಅವುಗಳನ್ನು ಕೇಳಿ ತಲೆದೂಗಿದ್ದೇವೆ. ಹಾಡು ಮುಗಿದ ಮೇಲೆ ಇವು ನಮ್ಮವಲ್ಲ, ನೆರೆಯವರವು ಎಂದು ಭಾವಿಸಿ ಸುಮ್ಮನಾಗಿದ್ದೇವೆ. ಆದರೆ ಈ ಗೀತೆಗಳ ಸಂಪ್ರದಾಯಕ್ಕೆ ತಳಹದಿಯನ್ನು ಹಾಕಿದ ಮಹನೀಯರು ಕನ್ನಡ ನೆಲದಲ್ಲಿ ಜನಿಸಿದವರೆಂಬ ಸಂಗತಿಯು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಅವರೇ ಬಲವಂತ ಪಾಂಡುರಂಗ ಕಿರ್ಲೋಸ್ಕರರು. ಅಣ್ಣಾಸಾಹೇಬರೆಂದೇ ಅವರು ಪ್ರಸಿದ್ಧರು.

ಅಣ್ಣಾಸಾಹೇಬರು 1843ನೆಯ ಇಸವಿ ಮಾರ್ಚ್ 31ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮನೆಯ ಮಾತು ಮರಾಠಿ, ಊರಿನ ಮಾತು ಕನ್ನಡ. ಹೀಗೆ ಎರಡು ನುಡಿಗಳ ನಾದವು ಬಾಲ್ಯದಲ್ಲಿಯೇ ಅವರ ಕಿವಿಯನ್ನು ತುಂಬಿತು. ಅವರು ಹುಟ್ಟಿದ ವರ್ಷವೇ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಆ ಪ್ರಯತ್ನಕ್ಕೂ ಪ್ರೇರಣೆಯಾದದ್ದು ಉತ್ತರ ಕನ್ನಡದ ಕಡೆಯಿಂದ ಸಾಂಗ್ಲಿಗೆ ಬಂದ ಯಕ್ಷಗಾನ ಮೇಳದ ಆಟ. ಅದನ್ನು ನೋಡಿ ಮೆಚ್ಚಿದ ಸಾಂಗ್ಲಿಯ ಅರಸರು ಅಂಥದೊಂದು ಆಟವನ್ನು ಮರಾಠಿಯಲ್ಲಿ ರಚಿಸಲು ಭಾವೆಯವರನ್ನು ನಿಯೋಜಿಸಿದ್ದರು.

ವಿದ್ಯಾಭ್ಯಾಸಕ್ಕಾಗಿ ಅಣ್ಣಾಸಾಹೇಬರು ಮೊದಲು ಕೊಲ್ಹಾಪುರಕ್ಕೂ ಆಮೇಲೆ ಪುಣೆಗೂ ಹೋದರು. ಆದರೆ ಅವರ ಮನಸ್ಸು ಪಠ್ಯಪುಸ್ತಕಗಳಲ್ಲಿ ನಿಲ್ಲಲಿಲ್ಲ. ಊರೂರು ತಿರುಗುವ ನಾಟಕ ಮಂಡಳಿಗಳು ಪುಣೆಗೆ ಬಂದಾಗ ಅವರು ಅವುಗಳ ಬಿಡಾರದಲ್ಲಿಯೇ ಇರುತ್ತಿದ್ದರು. ಮಂಡಳಿಯವರಿಗೆ ಪದಗಳನ್ನು ಕಟ್ಟಿ ಕೊಡುತ್ತಿದ್ದರು. ಇದರ ಪರಿಣಾಮವಾಗಿ ವ್ಯಾಸಂಗವು ಅರ್ಧಕ್ಕೇ ನಿಂತಿತು. ಮುಂದೆ ಅವರು ಬೆಳಗಾವಿಯಲ್ಲಿ ಕೆಲಕಾಲ ಉಪಾಧ್ಯಾಯರಾಗಿದ್ದರು. ಬಳಿಕ ಪುಣೆಯಲ್ಲಿ ರೆವಿನ್ಯೂ ಕಮಿಷನರರ ಕಚೇರಿಯಲ್ಲಿ ನೌಕರಿಗೆ ಸೇರಿದರು. ನಾಟಕದವರೆಂದರೆ ಸಭ್ಯರು ಮೂಗು ಮುರಿಯುತ್ತಿದ್ದ ಕಾಲವದು. ವೇಷ ಹಾಕುವವನಿಗೆ ಮನೆಯಲ್ಲಿಯೂ ಮರ್ಯಾದೆಯಿಲ್ಲ, ಸಮಾಜದಲ್ಲಿಯೂ ಮರ್ಯಾದೆಯಿಲ್ಲ. ಓದನ್ನು ಪೂರೈಸದೆ ನಾಟಕದ ಹುಚ್ಚನ್ನು ಹತ್ತಿಸಿಕೊಂಡ ಆ ತರುಣರು ಕೆಟ್ಟುಹೋದರೆಂದೇ ಹಲವರು ತಿಳಿದಿದ್ದರೆ ಅದರಲ್ಲಿ ಆಶ್ಚರ್ಯವೇನು?

1880ರಲ್ಲಿ ಪಾರಸಿ ನಾಟಕ ಕಂಪನಿಯೊಂದು ಪುಣೆಗೆ ಬಂದಿತು. ಅದರ ಹಾಡುಗಾರಿಕೆಯನ್ನೂ ರಂಗಸಜ್ಜಿಕೆಯನ್ನೂ ನೋಡಿದ ಅಣ್ಣಾಸಾಹೇಬರಿಗೆ, ನಮ್ಮ ಕಥೆಗಳನ್ನು ನಮ್ಮ ಸಂಗೀತದಲ್ಲಿ ಇದಕ್ಕಿಂತ ಸೊಗಸಾಗಿ ಏಕೆ ಆಡಬಾರದೆಂಬ ಯೋಚನೆ ಹುಟ್ಟಿತು. ಅವರು ಕಾಳಿದಾಸನ ‘ಶಾಕುಂತಲ’ವನ್ನು ಕೈಗೆತ್ತಿಕೊಂಡರು. ಅದಕ್ಕೂ ಸುಮಾರು ಹತ್ತು ವರ್ಷಗಳ ಹಿಂದೆಯೇ ಚುರಮರಿ ಶೇಷಗಿರಿರಾಯರು ಅದೇ ನಾಟಕವನ್ನು ಹಾಡುಗಳ ಸಹಿತವಾಗಿ ಕನ್ನಡಕ್ಕೆ ತಂದಿದ್ದರು. ಕಿರ್ಲೋಸ್ಕರರ ಕೃತಿಯ ಮೇಲೆ ಇದರ ಛಾಯೆಯಿದೆಯೆಂದು ನಮ್ಮ ವಿದ್ವಾಂಸರು ಹೇಳುವುದುಂಟು.

ಅಣ್ಣಾಸಾಹೇಬರು ಮಾಡಿದ ಹೊಸತೇನು ಎಂಬುದನ್ನು ನಾವು ಸ್ವಲ್ಪ ವಿಚಾರಿಸೋಣ. ಅಲ್ಲಿಯವರೆಗೆ ನಾಟಕದ ಪದಗಳನ್ನೆಲ್ಲ ಸೂತ್ರಧಾರನೇ ಹಾಡುತ್ತಿದ್ದನು. ನಮ್ಮ ಯಕ್ಷಗಾನದಲ್ಲಿ ಭಾಗವತರು ಹಾಡಿದ ಮೇಲೆ ವೇಷಧಾರಿಯು ಅರ್ಥ ಹೇಳುವಂತೆ, ಅಲ್ಲಿಯೂ ಸೂತ್ರಧಾರನು ಹಾಡಿದ ಪ್ರಸಂಗಕ್ಕೆ ತಕ್ಕಂತೆ ನಟರು ತಮಗೆ ತೋಚಿದ ಮಾತುಗಳನ್ನು ಆಡುತ್ತಿದ್ದರು. ಅಣ್ಣಾಸಾಹೇಬರು ಮಾತನ್ನು ಮೊದಲೇ ಬರೆದು ಗೊತ್ತುಪಡಿಸಿದರು; ಹಾಡನ್ನು ಸೂತ್ರಧಾರನಿಂದ ತೆಗೆದು ಪಾತ್ರದ ಬಾಯಿಗೆ ಕೊಟ್ಟರು. ಶಕುಂತಲೆಯ ದುಃಖವನ್ನು ಶಕುಂತಲೆಯೇ ಹಾಡಿದಳು. ದುಷ್ಯಂತನ ವಿರಹವನ್ನು ದುಷ್ಯಂತನೇ ಹಾಡಿದನು. ಇಂದು ನಮಗೆ ಇದು ಸಹಜವೆಂದು ತೋರುತ್ತದೆ. ಅಂದಿನ ಪ್ರೇಕ್ಷಕರಿಗಾದರೋ ಇದು ಹೊಸ ಅನುಭವ.

1880ನೆಯ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳ ಪ್ರಯೋಗ ನಡೆಯಿತು. ಮೋರೋಬಾ ವಾಘೋಲೀಕರ, ಬಾಳಕೋಬಾ ನಾಟೇಕರ ಮೊದಲಾದ ಉತ್ತಮ ಗಾಯಕರು ಅಣ್ಣಾಸಾಹೇಬರೊಡನೆ ಸೇರಿದ್ದರು. ಸ್ವತಃ ಅಣ್ಣಾಸಾಹೇಬರೇ ಸೂತ್ರಧಾರರಾಗಿ ರಂಗದ ಮೇಲೆ ನಿಂತರು. ಮರುವರ್ಷ ನಾಟಕದ ಏಳು ಅಂಕಗಳೂ ಪೂರ್ಣವಾದವು. ಇನ್ನೂರರಷ್ಟು ಪದಗಳಿದ್ದ ಈ ನಾಟಕವನ್ನು ಜನರು ಇರುಳೆಲ್ಲ ಕುಳಿತು ನೋಡಿದರು.

1882ರಲ್ಲಿ ‘ಸಂಗೀತ ಸೌಭದ್ರ’ವು ರಂಗಕ್ಕೆ ಬಂದಿತು. ಇದು ಅನುವಾದವಲ್ಲ, ಅಣ್ಣಾಸಾಹೇಬರ ಸ್ವತಂತ್ರ ಕೃತಿ. ಸುಭದ್ರೆಯ ಮನಸ್ಸು ಅರ್ಜುನನಲ್ಲಿದೆ. ಅಣ್ಣನಾದ ಬಲರಾಮನು ಅವಳನ್ನು ದುರ್ಯೋಧನನಿಗೆ ಕೊಡಲು ನಿಶ್ಚಯಿಸಿದ್ದಾನೆ. ಅರ್ಜುನನು ಸಂನ್ಯಾಸಿಯ ವೇಷದಲ್ಲಿ ಬರುತ್ತಾನೆ. ಕೃಷ್ಣನು ನಗುನಗುತ್ತಲೇ ಸೂತ್ರವನ್ನು ಆಡಿಸುತ್ತಾನೆ. ಕಥೆ ಪುರಾಣದ್ದಾದರೂ ಅಣ್ಣ ತಂಗಿ ಅತ್ತಿಗೆಯರ ಮಾತುಕತೆಗಳು ನಮ್ಮ ನಿಮ್ಮ ಮನೆಗಳಲ್ಲಿ ನಡೆಯುವಂಥವು. ಬೆಳಗಾಗುವುದನ್ನು ಕೃಷ್ಣನು ರುಕ್ಮಿಣಿಗೆ ತೋರಿಸುವ ಪದ, ಒಲ್ಲದ ವಿವಾಹಕ್ಕೆ ಅಂಜಿದ ಸುಭದ್ರೆ ತನಗೆ ದಿಕ್ಕಾರೆಂದು ಮರುಗುವ ಪದ, ಇವೆಲ್ಲ ನಾಟಕಗೃಹವನ್ನು ದಾಟಿ ಮನೆಮನೆಯ ಹಾಡುಗಳಾದವು. ನಾಟಕವನ್ನು ಎಂದೂ ನೋಡದವರೂ ಅವುಗಳನ್ನು ಗುನುಗುತ್ತಿದ್ದರು.

ಈ ಪದಗಳ ಧಾಟಿಗಳನ್ನು ಅಣ್ಣಾಸಾಹೇಬರು ಎಲ್ಲಿಂದ ತಂದರು? ಕೀರ್ತನಕಾರರ ಸಾಕಿ, ದಿಂಡಿಗಳಿಂದ, ಹೆಂಗಸರ ಓವಿಗಳಿಂದ, ಲಾವಣಿಗಳಿಂದ, ಹಿಂದುಸ್ತಾನಿ ರಾಗಗಳಿಂದ ಅವರು ಧಾಟಿಗಳನ್ನು ಆರಿಸಿಕೊಂಡರು. ಅವುಗಳ ಜೊತೆಗೆ ಕನ್ನಡ ಹಾಡುಗಳ ಧಾಟಿಗಳೂ ಇದ್ದವು. ಬಾಲ್ಯದಲ್ಲಿ ಕೇಳಿದ ನುಡಿಯ ನಾದವನ್ನು ಅವರು ಪುಣೆಗೆ ಬಂದ ಮೇಲೂ ಮರೆಯಲಿಲ್ಲ. ನಾಚಿಕೆಯಿಂದ ಬಚ್ಚಿಡಲೂ ಇಲ್ಲ.

ಸುಭದ್ರೆಯ ಪಾತ್ರವನ್ನು ವಹಿಸಿದವರು ಬಡೋದೆಯಿಂದ ಬಂದ ತರುಣ ಭಾವೂರಾವ ಕೊಲ್ಹಟಕರರು. ಅವರ ಎತ್ತರದ, ನಿರ್ಮಲವಾದ ಕಂಠವು ಮಂಡಳಿಗೆ ಅಪಾರ ಕೀರ್ತಿಯನ್ನು ತಂದಿತು. ಆದರೆ ಈ ವೈಭವವನ್ನು ಬಹುಕಾಲ ಕಾಣುವ ಭಾಗ್ಯ ಅಣ್ಣಾಸಾಹೇಬರಿಗಿರಲಿಲ್ಲ. 1884ರಲ್ಲಿ ‘ರಾಮರಾಜ್ಯವಿಯೋಗ’ದ ಮೂರು ಅಂಕಗಳು ಪ್ರಯೋಗವಾದವು, ಉಳಿದುದನ್ನು ಬರೆಯಲು ಅವರಿಗೆ ಅವಕಾಶವೇ ದೊರೆಯಲಿಲ್ಲ. 1885ನೆಯ ನವೆಂಬರ್ 2ರಂದು, ಹುಟ್ಟಿದೂರಾದ ಗುರ್ಲಹೊಸೂರಿನಲ್ಲಿಯೇ ಅವರು ಕೊನೆಯುಸಿರೆಳೆದರು. ಆಗ ಅವರ ವಯಸ್ಸು ಕೇವಲ ನಾಲ್ವತ್ತೆರಡು. ‘ಶಾಕುಂತಲ’ದ ಮೊದಲ ಪ್ರಯೋಗದಿಂದ ಮರಣದವರೆಗೆ ಅವರಿಗೆ ದೊರೆತದ್ದು ಐದೇ ವರ್ಷಗಳು. ಅಷ್ಟರಲ್ಲಿಯೇ ಅವರು ಒಂದು ರಂಗಭೂಮಿಯ ದಾರಿಯನ್ನೇ ಬದಲಿಸಿದರು.

ಅವರು ಹಚ್ಚಿದ ದೀಪ ಆರಲಿಲ್ಲ. ಅವರ ಶಿಷ್ಯರಾದ ಗೋವಿಂದ ಬಲ್ಲಾಳ ದೇವಲರು ‘ಶಾರದಾ’ ನಾಟಕವನ್ನು ಬರೆದು, ಎಳೆಯ ಹುಡುಗಿಯರನ್ನು ಮುದುಕರಿಗೆ ಮದುವೆ ಮಾಡಿಕೊಡುವ ದುಷ್ಟ ಪದ್ಧತಿಯನ್ನು ಖಂಡಿಸಿದರು. 1905ರಲ್ಲಿ ಕಿರ್ಲೋಸ್ಕರ ಮಂಡಳಿಯನ್ನು ಸೇರಿದ ಬಾಲಗಂಧರ್ವರು ಶಕುಂತಲೆಯಾಗಿ ಜನಮನವನ್ನು ಸೂರೆಗೊಂಡರು. ಅಣ್ಣಾಸಾಹೇಬರು ತೀರಿಕೊಂಡ ಮೂರು ತಿಂಗಳೊಳಗೆ, 1886ರ ಜನವರಿಯಲ್ಲಿ, ಧಾರವಾಡದ ಕಡೆಯಲ್ಲಿ ಜನಿಸಿದ ಕುಂದಗೋಳದ ರಾಮಭಾವೂ ಅವರು ಮುಂದೆ ಮರಾಠಿ ರಂಗದ ಮೇಲೆ ಅದೇ ಸುಭದ್ರೆಯಾಗಿ ಹಾಡಿ ‘ಸವಾಯಿ ಗಂಧರ್ವ’ರೆನಿಸಿದರು. ಅವರ ಸ್ಮರಣೆಗಾಗಿ ಶಿಷ್ಯರಾದ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಸಂಗೀತ ಮಹೋತ್ಸವವನ್ನು ಪುಣೆಯಲ್ಲಿರುವ ನಮ್ಮಲ್ಲಿ ಯಾರು ಅರಿಯರು? ಉತ್ತರ ಕರ್ನಾಟಕದ ವೃತ್ತಿ ನಾಟಕ ಮಂಡಳಿಗಳೂ ಮರಾಠಿ ನಾಟ್ಯಗೀತೆಗಳ ಧಾಟಿಗಳಲ್ಲಿ ಕನ್ನಡ ಪದಗಳನ್ನು ಕಟ್ಟಿ ಹಾಡಿದವು. ಕನ್ನಡದಿಂದ ಹೋದ ಧಾಟಿಗಳು ಹೀಗೆ ಬಡ್ಡಿಸಹಿತವಾಗಿ ಕನ್ನಡಕ್ಕೆ ಮರಳಿದವೆನ್ನಬೇಕು.

ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿ ಎಂದು ನಾವು ಒಮ್ಮೊಮ್ಮೆ ಸಂಕೋಚಪಡುತ್ತೇವೆ. ಎರಡರಲ್ಲಿಯೂ ಪರಕೀಯರೇನೋ ಎಂದು ಅಳುಕುತ್ತೇವೆ. ಅಣ್ಣಾಸಾಹೇಬರ ಸ್ಥಿತಿಯೂ ಇದೇ ಆಗಿತ್ತು. ಅವರು ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಲಿಲ್ಲ. ಎರಡರಿಂದಲೂ ಪಡೆದು, ಪಡೆದುದಕ್ಕಿಂತ ಹೆಚ್ಚಿನದನ್ನು ಕೊಟ್ಟುಹೋದರು. ಮುಂದಿನ ಸಲ ಸುಭದ್ರೆಯ ಪದವು ಎಲ್ಲಿಂದಲಾದರೂ ಕಿವಿಗೆ ಬಿದ್ದಾಗ ನಾವು ಒಂದು ಕ್ಷಣ ನಿಂತು ಕೇಳೋಣ. ಗುರ್ಲಹೊಸೂರಿನ ಹಾದಿಬೀದಿಗಳಲ್ಲಿ ಆಡಿ ಬೆಳೆದ ಆ ಬಾಲಕನನ್ನು ಕೃತಜ್ಞತೆಯಿಂದ ನೆನೆಯೋಣ.