ಬೋಸ್ ಎಣಿಸಿದ ಅನಿಲ, ನಾವು ಬಾಯಿಪಾಠ ಮಾಡಿದ ಸೂತ್ರ

ದೇವದುರ್ಗ, ಮಾನ್ವಿ ಕಡೆಯಿಂದ ಕನ್ನಡ ಮೀಡಿಯಂನಲ್ಲಿ ಓದಿ ಎಂಜಿನಿಯರಿಂಗ್‌ಗೆ ಬಂದ ನಮ್ಮಂಥವರಿಗೆ ಥರ್ಮೋಡೈನಾಮಿಕ್ಸ್ ಅಂದ್ರೆ ಬಾಯಿಪಾಠ. ಪಿವಿ ಈಕ್ವಲ್ ಟು ಎನ್‌ಆರ್‌ಟಿ, ಅಷ್ಟೇ. ಅಣುಗಳಿಗೆ ಗಾತ್ರವಿಲ್ಲ, ಪರಸ್ಪರ ಸೆಳೆತವಿಲ್ಲ ಅಂದುಕೊಂಡು ಹಾಕುವ 'ಆದರ್ಶ ಅನಿಲ'ದ ಲೆಕ್ಕ ಅದು ಅಂತ ಕನ್ನಡದಲ್ಲಿ ಬಿಡಿಸಿ ಹೇಳುವವರು ಇರಲಿಲ್ಲ. ಆ ಲೆಕ್ಕವನ್ನೇ ಬದಲಿಸಿದ ಸತ್ಯೇಂದ್ರನಾಥ ಬೋಸ್ ನನಗೆ ಸಿಕ್ಕಿದ್ದು ಡಿಗ್ರಿ ಮುಗಿದ ಮೇಲೆ.

ಬೋಸ್ ಹುಟ್ಟಿದ್ದು 1894ರಲ್ಲಿ, ಕಲ್ಕತ್ತಾದಲ್ಲಿ. ಅಪ್ಪ ರೈಲ್ವೆ ನೌಕರ. 1915ರ ಎಂಎಸ್ಸಿಯಲ್ಲಿ ಇವರು ಮೊದಲ ಸ್ಥಾನ, ಮೇಘನಾದ ಸಹಾ ಎರಡನೆಯ ಸ್ಥಾನ. ಇದೇ ಸಹಾ ಹಾಸ್ಟೆಲ್‌ನಲ್ಲಿ ಜಾತಿ ಕಾರಣಕ್ಕೆ ಬೇರೆ ಕೂತು ಉಣ್ಣಬೇಕಾಗಿತ್ತು. 1918ರಲ್ಲಿ ಇಬ್ಬರೂ ಸೇರಿ ಪ್ರಬಂಧ ಬರೆದರು: ಅಣುಗಳಿಗೂ ಗಾತ್ರವಿದೆ ಅಂತ ಒಪ್ಪಿಕೊಂಡರೆ ಅನಿಲದ ಸೂತ್ರ ಹೇಗೆ ಬದಲಾಗುತ್ತೆ?

1924ರ ಹೊತ್ತಿಗೆ ಬೋಸ್ ಢಾಕಾ ವಿಶ್ವವಿದ್ಯಾಲಯದಲ್ಲಿದ್ದರು. ಬೆಳಕನ್ನೇ ಕಣಗಳ ಅನಿಲ ಎಂದು ತಿಳಿದು ಅವರು ಎಣಿಸತೊಡಗಿದರು. ಎರಡು ಗೋಲಿಗಳನ್ನು ಎರಡು ಡಬ್ಬಿಗಳಲ್ಲಿ ಹಾಕೋಕೆ ನಾಲ್ಕು ದಾರಿ. ಆದರೆ ಯಾವ ಗೋಲಿ ಯಾವುದು ಅಂತ ಗುರುತೇ ಹಚ್ಚಲಾಗದಿದ್ದರೆ? ಮೂರೇ ದಾರಿ. ಹೀಗೆ ಎಣಿಸಿದಾಗ ಪ್ಲಾಂಕ್ ನಿಯಮ ಸಲೀಸಾಗಿ ಹೊರಬಂತು. ಬ್ರಿಟಿಷ್ ಪತ್ರಿಕೆಯೊಂದು ಪ್ರಬಂಧವನ್ನು ಪ್ರಕಟಿಸಲಿಲ್ಲ. ಬೋಸ್ ಸೀದಾ ಐನ್‌ಸ್ಟೈನ್‌ಗೇ ಕಳಿಸಿದರು. ಅವರು ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು. ಆಮೇಲೆ ಅದೇ ಎಣಿಕೆಯನ್ನು ಅಣುಗಳ ಆದರ್ಶ ಅನಿಲಕ್ಕೂ ಹೊಂದಿಸಿದರು: ತೀರಾ ತಣ್ಣಗಾದರೆ ಕಣಗಳು ಒಂದೇ ಸ್ಥಿತಿಯಲ್ಲಿ ಬಂದು ಗುಂಪುಗೂಡಬೇಕು. 1995ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ರುಬಿಡಿಯಂ ಅನಿಲ ಹಾಗೇ ಮಾಡಿತು. ಅದನ್ನು ಮಾಡಿ ತೋರಿಸಿದವರಿಗೆ 2001ರಲ್ಲಿ ನೊಬೆಲ್ ಬಂತು. ಬೋಸ್‌ಗೆ ನೊಬೆಲ್ ಬರಲೇ ಇಲ್ಲ; ಪಿಎಚ್‌ಡಿಯೂ ಇರಲಿಲ್ಲ ಬಿಡಿ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸೋದು 1948. ಕಲ್ಕತ್ತಾಗೆ ಮರಳಿದ್ದ ಬೋಸ್ ಆ ವರ್ಷ ಬಂಗೀಯ ವಿಜ್ಞಾನ ಪರಿಷತ್ ಕಟ್ಟಿ, 'ಜ್ಞಾನ್ ಓ ಬಿಜ್ಞಾನ್' ಎಂಬ ಬಂಗಾಳಿ ಪತ್ರಿಕೆ ಶುರು ಮಾಡಿದರು. ಎಂಎಸ್ಸಿ ಹುಡುಗರಿಗೂ ಬಂಗಾಳಿಯಲ್ಲೇ ಪಾಠ ಹೇಳಿದರು. ಅದೇ ವರ್ಷ ರಾಯಚೂರಿನಲ್ಲಿ ನಿಜಾಮರ ಆಳ್ವಿಕೆ ಮುಗಿದಿತ್ತು. ಅಲ್ಲಿಯವರೆಗೆ ನಮ್ಮ ಸೀಮೆಗಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನು ಉರ್ದುವಿನಲ್ಲಿ ಕಲಿಸುತ್ತಿತ್ತು. ದೇಶಿ ಭಾಷೆಯಲ್ಲಿ ಇದೆಲ್ಲ ಆಗಲ್ಲ ಅನ್ನುವವರಿಗೆ ಅಲ್ಲೇ ಉತ್ತರವಿದೆ. ಆದರೆ ಮಾನ್ವಿಯ ರೈತರ ಮನೆಮಾತು ಉರ್ದುವಲ್ಲ, ಆಮೇಲೆ ಬಂದ ಇಂಗ್ಲಿಷೂ ಅಲ್ಲ.

ಬೋಸ್ 1974ರ ಫೆಬ್ರವರಿ 4ರಂದು ತೀರಿಕೊಂಡರು. ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ ಅನುಮತಿ ಕೊಟ್ಟದ್ದು 2021ರಲ್ಲಿ.